ಸಾಮಾಜಿಕ ಜಾಲತಾಣದ ಕಾರ್ಯತಂತ್ರ ಬದಲಿಸುವ ಮುನ್ನ ಆಡಿಟ್ ಮಾಡಿ: ಸಂಸ್ಥೆಗಳಿಗೆ ಸಮಗ್ರ ಮಾರ್ಗದರ್ಶಿ

"ಪೇಜ್‌ಗೆ ಲೈಕ್ ಬರುತ್ತಿಲ್ಲ, ವೀಡಿಯೊ ಯಾರೂ ನೋಡುತ್ತಿಲ್ಲ" ಎಂಬ ಮಾತು ಆಡಳಿತ ಮಂಡಳಿಯ ಸಭೆಯಲ್ಲಿ ಬಂತೆಂದರೆ ಪರಿಹಾರವೂ ಅದೇ ಸಭೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಏಜೆನ್ಸಿ ಬದಲಿಸೋಣ, ಇನ್ನು ಮುಂದೆ ರೀಲ್ಸ್ ಮಾತ್ರ ಹಾಕೋಣ, ಎಲ್ಲವನ್ನೂ ಇಂಗ್ಲಿಷ್‌ನಲ್ಲಿ ಮಾಡೋಣ. ಆರು ತಿಂಗಳ ನಂತರ ನೋಡಿದರೆ ಹಣ ಖರ್ಚಾಗಿದೆ, ಸಮಸ್ಯೆ ಮಾತ್ರ ಇದ್ದಲ್ಲೇ ಇದೆ. ಕಡಿಮೆಯಾದದ್ದು ಏನು, ಯಾವಾಗಿನಿಂದ, ಯಾವ ಖಾತೆಯಲ್ಲಿ ಎಂದು ಯಾರೂ ಕೂತು ನೋಡಿರುವುದೇ ಇಲ್ಲ. ಬಹಳಷ್ಟು ಸಲ ದೋಷ ಇನ್ನೆಲ್ಲೋ ಇರುತ್ತದೆ: ಇನ್‌ಬಾಕ್ಸ್‌ನಲ್ಲಿ ಕೇಳಿದ ಪ್ರಶ್ನೆಗೆ ವಾರವಾದರೂ ಉತ್ತರ ಹೋಗಿಲ್ಲ, ಬಯೋದಲ್ಲಿ (ಖಾತೆಯ ಕಿರುಪರಿಚಯದಲ್ಲಿ) ಇರುವ ಫೋನ್ ನಂಬರ್ ಚಾಲ್ತಿಯಲ್ಲಿಲ್ಲ, ಜನ ಹುಡುಕಿದಾಗ ಮೊದಲು ಸಿಗುವುದು ನಾಲ್ಕು ವರ್ಷದಿಂದ ಮುಟ್ಟದ ಹಳೆಯ ಪೇಜ್. ಇವುಗಳಲ್ಲಿ ಒಂದನ್ನೂ ಹೊಸ ಕಾರ್ಯತಂತ್ರ ಸರಿಪಡಿಸುವುದಿಲ್ಲ.

ಬದಲಾವಣೆಗೆ ಮೊದಲು ಬೇಕಾದ್ದು ಆಡಿಟ್, ಅಂದರೆ ಇರುವ ಖಾತೆಗಳನ್ನೆಲ್ಲ ಒಂದೊಂದಾಗಿ ಪರಿಶೀಲಿಸುವುದು. ಅದರ ಕ್ರಮ ಸ್ಪಷ್ಟವಾಗಿ ಕಾಣಲೆಂದು ಇಲ್ಲಿ ಒಂದೇ ಬಗೆಯ ಸಂಸ್ಥೆಯನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇವೆ: ಜಿಲ್ಲಾ ಕೇಂದ್ರವೊಂದರಲ್ಲಿ ಪಿಯು ಮತ್ತು ಪದವಿ ಕಾಲೇಜು ನಡೆಸುವ ಶಿಕ್ಷಣ ಸಂಸ್ಥೆ. ಸಹಕಾರ ಸಂಘ, ಪ್ರಕಾಶನ, ಆಸ್ಪತ್ರೆ, ರಂಗತಂಡ, ಹೊರನಾಡಿನ ಕನ್ನಡ ಸಂಘ, ಯಾವುದೇ ಇರಲಿ, ವಿವರ ಬದಲಾದೀತು, ಕ್ರಮ ಬದಲಾಗುವುದಿಲ್ಲ.

## ಹಂತ 1: ಪ್ರಶ್ನೆ, ಜನ, ಅವಧಿ

ಮೊದಲು ಒಂದು ಹಾಳೆಯಲ್ಲಿ ಒಂದೇ ಒಂದು ಪ್ರಶ್ನೆ ಬರೆಯಿರಿ. "ನಮ್ಮ ಜಾಲತಾಣ ಹೇಗಿದೆ?" ಎಂದು ಕೇಳಿದರೆ ಹತ್ತು ಅಭಿಪ್ರಾಯ ಬರುತ್ತವೆ, ಉತ್ತರ ಬರುವುದಿಲ್ಲ. "ಕಳೆದ ವರ್ಷದ ಮೇ, ಜೂನ್‌ಗಿಂತ ಈ ವರ್ಷ ಜಾಲತಾಣದ ಮೂಲಕ ಬಂದ ಅಡ್ಮಿಷನ್ ವಿಚಾರಣೆ ಕಡಿಮೆಯಾದದ್ದು ಯಾಕೆ?" ಎಂದು ಕೇಳಿದರೆ ಬರುತ್ತದೆ. ಮುಂದಿನ ಯಾವ ಹಂತದಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಈ ಪ್ರಶ್ನೆಯೇ ತೀರ್ಮಾನಿಸುತ್ತದೆ.

ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೋಸ್ಟ್ ಹಾಕುವವರೇ ಇರಲಿ, ಯಾವ ಪೋಸ್ಟ್ ಯಾಕೆ ಹಾಕಲಾಯಿತು ಎಂಬುದು ಅವರಿಗಷ್ಟೇ ಗೊತ್ತು. ಇನ್ನೊಬ್ಬರು ಆ ಕೆಲಸಕ್ಕೆ ಸಂಬಂಧವಿಲ್ಲದವರಿರಲಿ. ಲೆಕ್ಕಪತ್ರ ವಿಭಾಗದವರು, ಅಂಕಿಅಂಶ ಪಾಠ ಮಾಡುವ ಉಪನ್ಯಾಸಕರು ಇದಕ್ಕೆ ಚೆನ್ನಾಗಿ ಒಗ್ಗುತ್ತಾರೆ. ಹೊಸ ಗುತ್ತಿಗೆ ಬಯಸುವ ಏಜೆನ್ಸಿಯ ಕೈಗೆ ಆಡಿಟ್ ಕೊಡಬೇಡಿ. "ಎಲ್ಲ ಸರಿಯಿದೆ, ಇನ್‌ಬಾಕ್ಸ್ ಒಂದನ್ನು ನೋಡಿಕೊಳ್ಳಿ" ಎಂದು ಬರೆದರೆ ಅವರಿಗೆ ಕೆಲಸವೇ ಇರುವುದಿಲ್ಲ.

ನಾಲ್ಕೈದು ಖಾತೆಗಳಿರುವ ಸಂಸ್ಥೆಗೆ, ದಿನಕ್ಕೆ ಎರಡು ಗಂಟೆಯಂತೆ, ಮೂರು ವಾರ ಸಾಕು. ಈ ಮೂರು ವಾರ ಎಂದಿನ ಪೋಸ್ಟ್‌ಗಳು ನಡೆಯಲಿ, ಆದರೆ ಲೋಗೊ, ಹೆಸರು, ಪೋಸ್ಟ್ ಹಾಕುವ ಸಮಯ, ಶೈಲಿ ಯಾವುದನ್ನೂ ಬದಲಿಸಬೇಡಿ. ಅಳತೆ ನಡೆಯುತ್ತಿರುವಾಗಲೇ ಬದಲಾವಣೆ ಶುರುವಾದರೆ ಯಾವುದಕ್ಕೆ ಯಾವುದು ಕಾರಣ ಎಂದು ಆಮೇಲೆ ಬಿಡಿಸಲಾಗದು.

## ಹಂತ 2: ನಿಮ್ಮ ಹೆಸರಿನಲ್ಲಿ ಏನೇನಿದೆ?

"ನಮಗೆ ಮೂರು ಖಾತೆ ಇವೆ" ಎನ್ನುವ ಸಂಸ್ಥೆಯ ಹೆಸರಿನಲ್ಲಿ ಹುಡುಕಿದರೆ ಎಂಟು ಹತ್ತು ಸಿಗುವುದು ಅಪರೂಪವೇನಲ್ಲ. ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿ (ನಿಮ್ಮ ಲಾಗಿನ್, ಹಳೆಯ ಹುಡುಕಾಟಗಳ ನೆನಪಿಲ್ಲದ್ದು) ತೆರೆದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಎಕ್ಸ್, ಲಿಂಕ್ಡ್‌ಇನ್, ಟೆಲಿಗ್ರಾಂ, ಗೂಗಲ್ ಮ್ಯಾಪ್ಸ್ ಎಲ್ಲವನ್ನೂ ಹುಡುಕಿ. ಲಾಗಿನ್ ಇಲ್ಲದೆ ಪೂರ್ತಿ ತೋರಿಸದ ತಾಣಗಳಲ್ಲಿ, ಸಂಸ್ಥೆಯನ್ನು ಫಾಲೋ ಮಾಡದ ಯಾರದಾದರೂ ಖಾತೆಯಿಂದ ನೋಡಿ. ವಾಟ್ಸಾಪ್ ಚಾನೆಲ್‌ಗಳನ್ನು ಫೋನ್‌ನಲ್ಲೇ ಹುಡುಕಬೇಕು.

ಕನ್ನಡದ ಹೆಸರುಗಳಲ್ಲಿ ಕಾಗುಣಿತದ ತೊಡಕು ದೊಡ್ಡದು. ಹೆಸರು "ಶ್ರೀ" ಎಂದು ಶುರುವಾದರೆ ಇಂಗ್ಲಿಷ್ ಅಕ್ಷರಗಳಲ್ಲಿ ಎಸ್‌-ಆರ್‌-ಐ, ಎಸ್‌-ಎಚ್‌-ಆರ್‌-ಐ, ಎಸ್‌-ಎಚ್‌-ಆರ್‌-ಇ-ಇ ಮೂರನ್ನೂ ಹುಡುಕಬೇಕು. ಊರಿನ ಹೆಸರೂ ಹಾಗೆಯೇ. ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಬದಲಾಯಿತು. ಅದಕ್ಕೂ ಮೊದಲು ತೆರೆದ ಪೇಜ್‌ಗಳಲ್ಲಿ ಶಿಮೊಗ, ಗುಲ್ಬರ್ಗ, ಬೆಲ್‌ಗಾಂ ಎಂದೇ ಉಳಿದಿದೆ, ನಂತರದವುಗಳಲ್ಲಿ ಶಿವಮೊಗ್ಗ, ಕಲಬುರಗಿ, ಬೆಳಗಾವಿ. ಒಂದೇ ಸಂಸ್ಥೆಗೆ ಎರಡೂ ಹೆಸರಿನಲ್ಲಿ ಪೇಜ್ ಇದ್ದು, ಹೆಚ್ಚು ಫಾಲೋವರ್ಸ್ ಇರುವುದು ಹಳೆಯ ಹೆಸರಿನದ್ದಕ್ಕೇ ಎಂಬುದು ಇಂಥ ಹುಡುಕಾಟದಲ್ಲಿ ಹೊರಬರುತ್ತದೆ. ಕನ್ನಡ ಲಿಪಿಯಲ್ಲಿ ಬರೆದೂ ಹುಡುಕಿ, ಜನ ಬಾಯಲ್ಲಿ ಕರೆಯುವ ಹ್ರಸ್ವ ಹೆಸರಿನಲ್ಲೂ ಹುಡುಕಿ.

ಸಿಗುವ ಖಾತೆಗಳಲ್ಲಿ ಕೆಲವು ಎನ್‌ಎಸ್‌ಎಸ್ ಘಟಕ, ಗ್ರಂಥಾಲಯ, ಹಳೆಯ ವಿದ್ಯಾರ್ಥಿಗಳು ತೆರೆದವು. ಕೆಲವನ್ನು ಯಾರೂ ತೆರೆದೇ ಇರುವುದಿಲ್ಲ. ಜನ ಚೆಕ್‌ಇನ್ ಹಾಕಿದಾಗ ಫೇಸ್‌ಬುಕ್ ತಾನೇ ಸೃಷ್ಟಿಸಿದ ಅನಧಿಕೃತ ಪೇಜ್‌ಗಳು ಅವು. ವಿದ್ಯಾರ್ಥಿಗಳು ಟ್ಯಾಗ್ ಮಾಡುವುದು ಅಲ್ಲಿಗೇ ಆಗಿದ್ದರೆ ಆ ಪ್ರಚಾರವೆಲ್ಲ ನಿಮ್ಮ ಕಣ್ಣಿಗೆ ಬೀಳದೆ ಹೋಗುತ್ತಿದೆ ಎಂದರ್ಥ. ಅದು ನಿಮ್ಮದೆಂದು ಫೇಸ್‌ಬುಕ್‌ನಲ್ಲಿ ಕ್ಲೇಮ್ ಮಾಡಿ, ಅಧಿಕೃತ ಪೇಜ್‌ನೊಂದಿಗೆ ವಿಲೀನಕ್ಕೆ ಕೋರಿಕೆ ಸಲ್ಲಿಸಿ. ನಿಮ್ಮ ಹೆಸರು, ಲೋಗೊ ಬಳಸಿ ಶುಲ್ಕ ಕೇಳುವ ನಕಲಿ ಖಾತೆ ಕಂಡರೆ ಆಡಿಟ್ ಮುಗಿಯುವವರೆಗೆ ಕಾಯದೆ ಅಂದೇ ಸ್ಕ್ರೀನ್‌ಶಾಟ್ ತೆಗೆದು, ತಾಣಕ್ಕೆ ರಿಪೋರ್ಟ್ ಮಾಡಿ, ಸೈಬರ್ ಅಪರಾಧ ಠಾಣೆಗೆ ದೂರು ಕೊಡಿ.

ಪ್ರತಿ ಖಾತೆಗೆ ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಒಂದು ಸಾಲು: ತಾಣ, ಪೂರ್ಣ ವಿಳಾಸ, ತೆರೆದವರು, ಈಗ ನಡೆಸುವವರು, ಫಾಲೋವರ್ಸ್, ಕೊನೆಯ ಪೋಸ್ಟ್‌ನ ದಿನಾಂಕ, ಬಯೋದ ಫೋನ್ ಮತ್ತು ಲಿಂಕ್ ಕೆಲಸ ಮಾಡುತ್ತವೆಯೇ, ಏನು ಮಾಡಬೇಕು. ಲಿಂಕ್‌ನ್ನು ಒತ್ತಿಯೇ ನೋಡಬೇಕು, ನಂಬರ್‌ಗೆ ಕರೆ ಮಾಡಿಯೇ ನೋಡಬೇಕು. ಇದರೊಂದಿಗೆ ನಿಮ್ಮ ವೆಬ್‌ಸೈಟ್‌ನ ಅಡಿಭಾಗ, ಪ್ರಾಸ್ಪೆಕ್ಟಸ್, ವಿಸಿಟಿಂಗ್ ಕಾರ್ಡ್‌ಗಳಲ್ಲಿರುವ ಐಕಾನ್‌ಗಳನ್ನೂ ತಾಳೆ ನೋಡಿ. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು, ಟಿಕ್‌ಟಾಕ್‌ಗೆ ಭಾರತದಲ್ಲಿ 2020ರ ಜೂನ್‌ನಲ್ಲಿ ನಿಷೇಧ ಬಂತು, ಕೂ ಎಂಬ ದೇಸಿ ತಾಣ 2024ರ ಜುಲೈನಲ್ಲಿ ನಿಂತಿತು. ಇವುಗಳ ಐಕಾನ್ ಇನ್ನೂ ಹೊತ್ತಿರುವ ವೆಬ್‌ಸೈಟ್‌ಗಳಿವೆ.

## ಹಂತ 3: ಕೀಲಿ ಯಾರ ಕೈಯಲ್ಲಿದೆ?

ಇಡೀ ಆಡಿಟ್‌ನಲ್ಲಿ ಅತಿ ಹೆಚ್ಚು ಅಪಾಯ ಬಯಲಾಗುವುದು ಇಲ್ಲೇ. ಹಾಗಾಗಿ ಆತುರ ಬೇಡ.

ಫೇಸ್‌ಬುಕ್ ಪೇಜ್‌ನ ಸೆಟ್ಟಿಂಗ್ಸ್‌ನಲ್ಲಿ ಪೇಜ್ ಆಕ್ಸೆಸ್ ತೆರೆದು, ಪೂರ್ಣ ನಿಯಂತ್ರಣ ಯಾರಿಗೆಲ್ಲ ಇದೆ ನೋಡಿ. ಕನಿಷ್ಠ ಇಬ್ಬರಿಗೆ ಇರಬೇಕು, ಇಬ್ಬರೂ ಈಗ ಸಂಸ್ಥೆಯಲ್ಲಿರುವವರಾಗಿರಬೇಕು. ಒಬ್ಬರಿಗೆ ಮಾತ್ರ ಇದ್ದು, ಅವರ ವೈಯಕ್ತಿಕ ಖಾತೆ ಹ್ಯಾಕ್ ಆದರೆ ಅಥವಾ ಫೇಸ್‌ಬುಕ್ ಅದನ್ನು ತಡೆಹಿಡಿದರೆ ಪೇಜ್ ಕೈತಪ್ಪಿತು ಎಂದೇ ಲೆಕ್ಕ. ಪೇಜ್ ಯಾವ ಬಿಸಿನೆಸ್ ಪೋರ್ಟ್‌ಫೋಲಿಯೊದ (ಪೇಜ್, ಜಾಹೀರಾತು ಖಾತೆಗಳನ್ನು ಒಟ್ಟಿಗೆ ನಿಭಾಯಿಸುವ ಮೆಟಾ ಖಾತೆಯ) ಕೆಳಗಿದೆ ಎಂಬುದನ್ನೂ ನೋಡಿ. ಅದು ಹಳೆಯ ಏಜೆನ್ಸಿಯ ಹೆಸರಿನಲ್ಲಿದ್ದರೆ ಪೇಜ್‌ನ ಮಾಲೀಕತ್ವ ಕಾಗದದ ಮೇಲಷ್ಟೇ ನಿಮ್ಮದು. ಏಜೆನ್ಸಿ ಬದಲಿಸುತ್ತೇವೆ ಎಂದು ಹೇಳುವ ಮೊದಲೇ ಇದನ್ನು ಸರಿಮಾಡಿಕೊಳ್ಳಬೇಕು, ಹೇಳಿದ ಮೇಲೆ ಫೋನ್ ಎತ್ತುವವರು ಕಡಿಮೆ.

ಯೂಟ್ಯೂಬ್‌ನಲ್ಲಿ ಚಾನೆಲ್, ಹಲವರು ಸೇರಿ ನಡೆಸಬಹುದಾದ ಬ್ರ್ಯಾಂಡ್ ಅಕೌಂಟ್‌ನಲ್ಲಿದೆಯೇ ಅಥವಾ ಒಬ್ಬರ ವೈಯಕ್ತಿಕ ಜಿಮೇಲ್‌ಗೆ ನೇರವಾಗಿ ಅಂಟಿಕೊಂಡಿದೆಯೇ ಎಂದು ತಿಳಿಯಬೇಕು. ಎರಡನೆಯದಾದರೆ ಮೊದಲು ಬ್ರ್ಯಾಂಡ್ ಅಕೌಂಟ್‌ಗೆ ಸರಿಸಬೇಕು. ಬ್ರ್ಯಾಂಡ್ ಅಕೌಂಟ್‌ನಲ್ಲಿ ಹೊಸಬರನ್ನು ಸೇರಿಸಿ ಏಳು ದಿನ ಕಳೆದ ಮೇಲಷ್ಟೇ ಅವರನ್ನು ಮುಖ್ಯ ಮಾಲೀಕರನ್ನಾಗಿ ಮಾಡಲು ಸಾಧ್ಯ. ಆದ್ದರಿಂದ ನೌಕರರೊಬ್ಬರು ಕೆಲಸ ಬಿಡುವ ಕೊನೆಯ ದಿನ ಈ ಕೆಲಸಕ್ಕೆ ಕೈಹಾಕಿದರೆ ಮುಗಿಯುವುದಿಲ್ಲ.

ಇನ್‌ಸ್ಟಾಗ್ರಾಂ, ಎಕ್ಸ್, ವಾಟ್ಸಾಪ್‌ಗಳಲ್ಲಿ ಕೇಳಬೇಕಾದ್ದು ಒಂದೇ: ಒಟಿಪಿ ಯಾರ ಫೋನ್‌ಗೆ ಬರುತ್ತದೆ? ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ಕೆಲವು ತಿಂಗಳ ನಂತರ ಬೇರೆಯವರಿಗೆ ಹಂಚಿಕೆಯಾಗಬಹುದು. ಆಗ ನಿಮ್ಮ ಖಾತೆಯ ಒಟಿಪಿ ಅಪರಿಚಿತರಿಗೆ ಹೋಗುತ್ತದೆ. ಸಂಸ್ಥೆಯ ಹೆಸರಿನಲ್ಲೇ ಸಿಮ್ ತೆಗೆದುಕೊಂಡು, ಕಚೇರಿಯ ಫೋನ್‌ನಲ್ಲಿಟ್ಟು, ರೀಚಾರ್ಜ್‌ನ ಹೊಣೆಯನ್ನು ಒಬ್ಬರಿಗೆ ವಹಿಸಿ. ಎರಡು ಹಂತದ ಭದ್ರತೆಗೆ ಎಸ್‌ಎಂಎಸ್‌ಗಿಂತ, ಫೋನ್‌ನಲ್ಲೇ ಕೋಡ್ ಸೃಷ್ಟಿಸುವ ಅಥೆಂಟಿಕೇಟರ್ ಆಪ್ ಮೇಲು. ಎಕ್ಸ್ ಅಂತೂ 2023ರ ಮಾರ್ಚ್‌ನಿಂದ ಎಸ್‌ಎಂಎಸ್ ಸೌಲಭ್ಯವನ್ನು ಹಣ ಕೊಡುವ ಬಳಕೆದಾರರಿಗೆ ಮಾತ್ರ ಇಟ್ಟಿದೆ. ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ ಕಚೇರಿಯ ಬೀರುವಿನಲ್ಲಿಡಿ.

ಪಾಸ್‌ವರ್ಡ್ ವಾಟ್ಸಾಪ್ ಗುಂಪಿನಲ್ಲಿ ಓಡಾಡಿದ್ದರೆ ಇಂದೇ ಬದಲಿಸಿ. "24 ಗಂಟೆಯಲ್ಲಿ ನಿಮ್ಮ ಪೇಜ್ ರದ್ದಾಗುತ್ತದೆ" ಎಂದು ಬರುವ ಸಂದೇಶಗಳು ಬಹುತೇಕ ಮೋಸದವು ಎಂದು ಪೇಜ್ ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ತಿಳಿಸಿ. ನಿಜವಾದ ಎಚ್ಚರಿಕೆ ಪೇಜ್‌ನ ಸ್ಥಿತಿ ತೋರಿಸುವ ವಿಭಾಗದೊಳಗೇ ಇರುತ್ತದೆ, ಮೆಸೆಂಜರ್‌ನ ಲಿಂಕ್‌ನಲ್ಲಿ ಬರುವುದಿಲ್ಲ.

## ಹಂತ 4: ದತ್ತಾಂಶ ಇಳಿಸಿಕೊಳ್ಳಿ

ತಾಣಗಳು ಹಳೆಯ ಅಂಕಿಗಳನ್ನು ಎಂದೆಂದಿಗೂ ಇಟ್ಟುಕೊಂಡಿರುವುದಿಲ್ಲ. ಇನ್‌ಸ್ಟಾಗ್ರಾಂ ಆಪ್‌ನೊಳಗೆ ಕಾಣುವ ಅವಧಿ ಚಿಕ್ಕದು, ವಾಟ್ಸಾಪ್ ಚಾನೆಲ್‌ನದ್ದು ಇನ್ನೂ ಚಿಕ್ಕದು. ಮೆಟಾ ಬಿಸಿನೆಸ್ ಸೂಟ್‌ನಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರ ಪೋಸ್ಟ್‌ವಾರು ಪಟ್ಟಿಯನ್ನೂ, ಯೂಟ್ಯೂಬ್ ಸ್ಟುಡಿಯೊದ ಅಡ್ವಾನ್ಸ್ಡ್ ಮೋಡ್‌ನಿಂದ ವೀಡಿಯೊವಾರು ಪಟ್ಟಿಯನ್ನೂ ಸಿಎಸ್‌ವಿ ಕಡತವಾಗಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸರಳ ಪಟ್ಟಿಯಾಗಿ) ಇಳಿಸಿಕೊಳ್ಳಿ. ವಾಟ್ಸಾಪ್ ಚಾನೆಲ್‌ನ ಅಂಕಿಗಳಿಗೆ ಪ್ರತಿ ತಿಂಗಳು ಸ್ಕ್ರೀನ್‌ಶಾಟ್ ತೆಗೆದಿಡುವ ರೂಢಿ ಈಗಲೇ ಶುರುವಾಗಲಿ.

ಕನಿಷ್ಠ 14 ತಿಂಗಳ ಅವಧಿ ತೆಗೆದುಕೊಳ್ಳಿ. ಕಾಲೇಜಿನ ಪೇಜ್‌ಗೆ ಏಪ್ರಿಲ್‌, ಮೇನಲ್ಲಿ ಜೀವ ಬರುತ್ತದೆ, ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯು ಫಲಿತಾಂಶ, ಸಿಇಟಿ ಎಲ್ಲ ಆಗಲೇ. ಮೇ ತಿಂಗಳನ್ನು ಸೆಪ್ಟೆಂಬರ್‌ಗೆ ಹೋಲಿಸಿ "ಬಿದ್ದುಹೋಯಿತು" ಎಂದರೆ ಅದು ಋತುಮಾನದ ಏರಿಳಿತವೇ ಹೊರತು ಕುಸಿತವಲ್ಲ. ಮೇಗೆ ಮೇ, ಜೂನ್‌ಗೆ ಜೂನ್ ಹೋಲಿಸಬೇಕು. ಪ್ರಕಾಶಕರಿಗೆ ನವೆಂಬರ್, ಬೀಜ ಗೊಬ್ಬರ ಮಾರುವ ಸಹಕಾರ ಸಂಘಕ್ಕೆ ಮುಂಗಾರಿನ ಆರಂಭ ಹೀಗೆಯೇ.

ಕಡತ ತೆರೆಯುವಾಗ ಕನ್ನಡಿಗರಿಗೇ ಬರುವ ತೊಂದರೆಯೊಂದಿದೆ. ಸಿಎಸ್‌ವಿ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಎಷ್ಟೋ ಸಲ ಕನ್ನಡ ಶೀರ್ಷಿಕೆಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಹಾಗೆಯೇ ಸೇವ್ ಮಾಡಿದರೆ ಮೂಲವೂ ಕೆಡುತ್ತದೆ. ಖಾಲಿ ಎಕ್ಸೆಲ್ ಹಾಳೆ ತೆರೆದು, ಡೇಟಾ ಮೆನುವಿನಲ್ಲಿ ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಆಯ್ದು, ಫೈಲ್ ಆರಿಜಿನ್ ಎಂಬಲ್ಲಿ 65001 ಯೂನಿಕೋಡ್ ಯುಟಿಎಫ್-8 ಕೊಡಿ, ಅಕ್ಷರಗಳು ಸರಿಯಾಗಿ ಬರುತ್ತವೆ. ಗೂಗಲ್ ಶೀಟ್‌ಗೆ ಇಂಪೋರ್ಟ್ ಮಾಡಿದರೆ ಸಾಮಾನ್ಯವಾಗಿ ಈ ಸಮಸ್ಯೆಯೇ ಇರುವುದಿಲ್ಲ.

ಇದೇ ಹಂತದಲ್ಲಿ ಹಳೆಯ ಫೇಸ್‌ಬುಕ್ ಲೈವ್‌ಗಳ ಗತಿ ನೋಡಿ. 2025ರ ಫೆಬ್ರುವರಿ 19ರಿಂದ ಫೇಸ್‌ಬುಕ್ ಲೈವ್ ವೀಡಿಯೊಗಳನ್ನು 30 ದಿನ ಮಾತ್ರ ಇಟ್ಟುಕೊಳ್ಳುತ್ತದೆ, ಹಳೆಯವನ್ನು ನೋಟಿಸ್ ಕೊಟ್ಟು ಅಳಿಸುವುದಾಗಿ ಹೇಳಿದೆ. ವಾರ್ಷಿಕೋತ್ಸವ, ವಿಶೇಷ ಉಪನ್ಯಾಸ, ಹಿರಿಯ ಸಾಹಿತಿಗಳೊಂದಿಗಿನ ಸಂವಾದಗಳನ್ನು ಲೈವ್ ಮಾಡಿ ಅಲ್ಲೇ ಬಿಟ್ಟ ಸಂಸ್ಥೆಗಳು ನಮ್ಮಲ್ಲಿ ಬಹಳ. ಉಳಿದಿರುವುದನ್ನು ತಕ್ಷಣ ಇಳಿಸಿ ಹಾರ್ಡ್ ಡಿಸ್ಕ್‌ನಲ್ಲೂ ಯೂಟ್ಯೂಬ್‌ನಲ್ಲೂ ಇಡಿ. ಅಂಥ ಮಾತುಗಳನ್ನು ಮತ್ತೆ ರೆಕಾರ್ಡ್ ಮಾಡಲು ಆಗದು, ಕೆಲವರು ಈಗ ನಮ್ಮೊಂದಿಗಿಲ್ಲ.

## ಹಂತ 5: ಅಂಕಿಗಳನ್ನು ನಂಬುವ ಮೊದಲು

ವ್ಯೂಸ್ ಎಂಬ ಒಂದೇ ಹೆಸರಿನ ಅಂಕಿ ಎರಡು ವರ್ಷಗಳಲ್ಲಿ ಎರಡು ಅರ್ಥ ಪಡೆದಿರಬಹುದು. 2025ರ ಮಾರ್ಚ್ 31ರಿಂದ ಯೂಟ್ಯೂಬ್, ಶಾರ್ಟ್ಸ್ ಎಂಬ ಕಿರು ವೀಡಿಯೊ ಓಡಲು ಶುರುವಾದೊಡನೆ ಒಂದು ವ್ಯೂ ಎಂದು ಎಣಿಸುತ್ತದೆ, ಎಷ್ಟು ಹೊತ್ತು ನೋಡಿದರು ಎಂಬುದು ಲೆಕ್ಕಕ್ಕಿಲ್ಲ. ಹಳೆಯ ಬಗೆಯ ಎಣಿಕೆ ಎಂಗೇಜ್ಡ್ ವ್ಯೂಸ್ ಎಂಬ ಹೆಸರಿನಲ್ಲಿ ಉಳಿದಿದೆ. ಆ ದಿನಾಂಕದ ಹಿಂದಿನದನ್ನೂ ಮುಂದಿನದನ್ನೂ ಹೋಲಿಸಬೇಕಾದರೆ ಅದನ್ನೇ ಬಳಸಿ. ಅದಕ್ಕೂ ಮೊದಲು, 2024ರ ಅಕ್ಟೋಬರ್ 15ರಿಂದ, ಹೊಸದಾಗಿ ಹಾಕಿದ, ಮೂರು ನಿಮಿಷದವರೆಗಿನ, ನಿಲುವು (ವರ್ಟಿಕಲ್) ಅಥವಾ ಚೌಕಾಕಾರದ ವೀಡಿಯೊಗಳೂ ಶಾರ್ಟ್ಸ್ ಎನಿಸಿಕೊಂಡವು. ಇನ್‌ಸ್ಟಾಗ್ರಾಂ 2024ರಲ್ಲಿ ವ್ಯೂಸ್ ಅನ್ನೇ ಮುಖ್ಯ ಅಳತೆ ಮಾಡಿತು. ಫೇಸ್‌ಬುಕ್ ಎಲ್ಲ ವೀಡಿಯೊಗಳೂ ಇನ್ನು ರೀಲ್ಸ್ ಎಂದು 2025ರ ಜೂನ್‌ನಲ್ಲಿ ಘೋಷಿಸಿತು. ಹೀಗಿರುವಾಗ "ರೀಲ್ಸ್ ಶುರು ಮಾಡಿದ ಮೇಲೆ ವ್ಯೂಸ್ ಮೂರು ಪಟ್ಟಾಯಿತು" ಎಂಬ ವರದಿ ಬಂದರೆ, ಆ ಏರಿಕೆಯಲ್ಲಿ ಎಷ್ಟು ಪಾಲು ಎಣಿಕೆ ಬದಲಾದದ್ದರಿಂದ ಬಂತು ಎಂದು ಕೇಳಲೇಬೇಕು. ಶೀಟ್‌ನಲ್ಲಿ ಈ ದಿನಾಂಕಗಳಿಗೆ ಅಡ್ಡ ಗೆರೆ ಎಳೆದಿಡಿ.

ಸರಾಸರಿ ಇನ್ನೊಂದು ಬಲೆ. ಉದಾಹರಣೆಗೆ ಹತ್ತು ಪೋಸ್ಟ್‌ಗಳ ರೀಚ್ (ಪೋಸ್ಟ್ ತಲುಪಿದ ಜನರ ಸಂಖ್ಯೆ) ಹೀಗಿದೆ ಎಂದುಕೊಳ್ಳಿ: 310, 280, 450, 390, 9,600, 340, 260, 410, 370, 300. ಸರಾಸರಿ 1,271. ಈ ಹತ್ತರಲ್ಲಿ ಒಂಬತ್ತು ಪೋಸ್ಟ್‌ಗಳು 500ನ್ನೂ ಮುಟ್ಟಿಲ್ಲ. ಏರಿಕೆ ಕ್ರಮದಲ್ಲಿ ಜೋಡಿಸಿ ನಡುವಿನ ಎರಡು ಅಂಕಿಗಳ, ಅಂದರೆ 340 ಮತ್ತು 370ರ, ಮಧ್ಯವನ್ನು ತೆಗೆದರೆ 355 ಬರುತ್ತದೆ. ನಿಮ್ಮ ಪೇಜ್‌ನ ನಿಜವಾದ ದಿನನಿತ್ಯದ ಶಕ್ತಿ ಅದು. ಎಕ್ಸೆಲ್‌ನಲ್ಲಿ ಮೀಡಿಯನ್ ಸೂತ್ರ ಹಾಕಿದರೆ ತಾನೇ ಸಿಗುತ್ತದೆ. ಆ 9,600ರ ಪೋಸ್ಟ್‌ನ್ನು ಬೇರೆಯಾಗಿಯೇ ಓದಬೇಕು: ಹಣ ಕೊಟ್ಟು ಬೂಸ್ಟ್ ಮಾಡಿದ್ದೇ, ಯಾರಾದರೂ ಪ್ರಸಿದ್ಧರು ಹಂಚಿಕೊಂಡರೇ, ವಿದ್ಯಾರ್ಥಿಯೊಬ್ಬರಿಗೆ ರ‍್ಯಾಂಕ್ ಬಂದ ಸುದ್ದಿಯೇ? ಹಣ ಕೊಟ್ಟು ಓಡಿಸಿದ ಪೋಸ್ಟ್‌ಗಳನ್ನು ಉಳಿದವುಗಳ ಜೊತೆ ಎಂದೂ ಬೆರೆಸಬೇಡಿ.

ಫಾಲೋವರ್ಸ್ ಸಂಖ್ಯೆಗೆ ಸಭೆಯಲ್ಲಿ ಸಿಗುವಷ್ಟು ಬೆಲೆ ಅದಕ್ಕಿಲ್ಲ. ಒಂದು ತಿಂಗಳಲ್ಲಿ ಏಕಾಏಕಿ ಏರಿ ಆಮೇಲೆ ಹಾಗೇ ನಿಂತಿದ್ದರೆ, ನಿಮ್ಮ ಊರಿಗೂ ಭಾಷೆಗೂ ಸಂಬಂಧವೇ ಇಲ್ಲದ ದೇಶಗಳು ಪ್ರೇಕ್ಷಕರ ಪಟ್ಟಿಯಲ್ಲಿ ಮೇಲೆ ಬಂದಿದ್ದರೆ, ಹಿಂದೆ ಯಾರೋ ಫಾಲೋವರ್ಸ್ ಕೊಂಡಿರುವ ಸಾಧ್ಯತೆ ಹೆಚ್ಚು. ಅಂಥವರು ಏನನ್ನೂ ನೋಡುವುದಿಲ್ಲ. ಹೀಗಾಗಿ ಅನುಯಾಯಿಗಳಲ್ಲಿ ಪ್ರತಿಕ್ರಿಯಿಸುವವರ ಪ್ರಮಾಣ ಶಾಶ್ವತವಾಗಿ ಕುಗ್ಗಿರುತ್ತದೆ.

## ಹಂತ 6: ಏನು ಹಾಕುತ್ತಿದ್ದೀರಿ ಎಂದು ಒಂದೊಂದಾಗಿ ಓದಿ

ಬೇಸರದ ಕೆಲಸ ಇದು, ಆದರೆ ಆಡಿಟ್‌ನ ಹೂರಣ ಇರುವುದು ಇಲ್ಲೇ. ಪ್ರತಿ ಖಾತೆಯ ಕೊನೆಯ 100 ಪೋಸ್ಟ್‌ಗಳನ್ನು ತೆಗೆದುಕೊಂಡು ಪ್ರತಿಯೊಂದಕ್ಕೂ ಐದು ಕಾಲಂ ತುಂಬಿ: ವಿಷಯ, ರೂಪ, ಭಾಷೆ, ಯಾರಿಗಾಗಿ, ಓದಿದವರು ಏನು ಮಾಡಬೇಕು.

ವಿಷಯದ ಕಾಲಂಗೆ ಏಳೆಂಟು ಪಂಗಡ ಸಾಕು: ಹಬ್ಬ ಮತ್ತು ಜಯಂತಿಗಳ ಶುಭಾಶಯ, ಅತಿಥಿಗಳ ಸನ್ಮಾನದ ಫೋಟೊ, ಫಲಿತಾಂಶ, ಪ್ರವೇಶ ಮಾಹಿತಿ, ಪಾಠ ಅಥವಾ ಉಪಯುಕ್ತ ಮಾಹಿತಿ, ವಿದ್ಯಾರ್ಥಿಗಳ ಕೆಲಸ, ಪತ್ರಿಕೆಯ ತುಣುಕು, ಇತರೆ. ನಮ್ಮ ಸಂಸ್ಥೆಗಳ ಪೇಜ್‌ಗಳಲ್ಲಿ ಮೊದಲೆರಡು ಪಂಗಡಗಳೇ ಅರ್ಧಕ್ಕಿಂತ ಹೆಚ್ಚು ಜಾಗ ತುಂಬಿರುವುದು ತೀರಾ ಸಾಮಾನ್ಯ. ಶುಭಾಶಯ ಹೇಳುವುದು ತಪ್ಪಲ್ಲ, ಅದು ಸೌಜನ್ಯ. ಆದರೆ ವೇದಿಕೆಯ ಮೇಲೆ ಶಾಲು ಹೊದಿಸುತ್ತಿರುವ ಹದಿನಾಲ್ಕು ಫೋಟೊ, ಕೆಳಗೆ "ಗಣ್ಯರು ಉಪಸ್ಥಿತರಿದ್ದರು" ಎಂಬ ಒಂದು ಸಾಲು ನೋಡಿದ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯ ತಾಯಿಗೆ ಅದರಿಂದ ಸಿಕ್ಕಿದ್ದೇನು? ಹಾಸ್ಟೆಲ್ ಇದೆಯೇ, ಬಸ್ ಎಲ್ಲಿಯವರೆಗೆ ಬರುತ್ತದೆ, ವಿಜ್ಞಾನ ವಿಭಾಗದ ಶುಲ್ಕ ಎಷ್ಟು ಎಂಬುದು ಆಕೆಗೆ ಬೇಕಿತ್ತು. 100ರಲ್ಲಿ ಎಷ್ಟು ಪೋಸ್ಟ್ ಆ ಪ್ರಶ್ನೆಗಳಿಗೆ ಉತ್ತರಿಸುತ್ತವೆ ಎಂದು ಎಣಿಸಿ.

ಭಾಷೆಯ ಕಾಲಂನಲ್ಲಿ ನಾಲ್ಕು ಬಗೆ ಇರಲಿ: ಕನ್ನಡ ಲಿಪಿಯ ಕನ್ನಡ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಇಂಗ್ಲಿಷ್, ಮಿಶ್ರ. ಪ್ರತಿ ಬಗೆಗೂ ಮೀಡಿಯನ್ ರೀಚ್ ಮತ್ತು ಕಮೆಂಟ್‌ಗಳ ಸಂಖ್ಯೆ ತೆಗೆಯಿರಿ. ಜೊತೆಗೆ ಜನ ಯಾವ ಭಾಷೆಯಲ್ಲಿ ಕಮೆಂಟ್ ಮಾಡುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಪೋಸ್ಟ್ ಇಂಗ್ಲಿಷ್‌ನಲ್ಲಿ, ಕಮೆಂಟ್‌ಗಳೆಲ್ಲ ಕನ್ನಡದಲ್ಲಿ ಇದ್ದರೆ ಯಾರಿಗೆ ಬರೆಯುತ್ತಿದ್ದೀರಿ ಎಂದು ಮತ್ತೆ ಯೋಚಿಸಬೇಕು. "ಇಂಗ್ಲಿಷ್‌ಗೆ ಬದಲಾಗೋಣ" ಎಂಬ ನಿರ್ಣಯವನ್ನು ಈ ಕಾಲಂ ನೋಡದೆ ತೆಗೆದುಕೊಳ್ಳಲೇಬಾರದು.

ರೂಪದ ಕಾಲಂ ತುಂಬುವಾಗ ಪೋಸ್ಟರ್‌ಗಳನ್ನು ಫೋನ್‌ನಲ್ಲೇ ನೋಡಿ, ಕಂಪ್ಯೂಟರ್‌ನಲ್ಲಿ ಬೇಡ. ಎ4 ಅಳತೆಯ ಕರಪತ್ರವನ್ನು ಹಾಗೆಯೇ ಚಿತ್ರವಾಗಿ ಹಾಕಿದ್ದರೆ ಅಕ್ಷರ ಓದಲಾಗದು. ಕನ್ನಡದಲ್ಲಿ ಈ ತೊಂದರೆ ಇಂಗ್ಲಿಷ್‌ಗಿಂತ ಬೇಗ ಕಾಣಿಸಿಕೊಳ್ಳುತ್ತದೆ, ಏಕೆಂದರೆ ಗಾತ್ರ ಇಳಿದಂತೆ ಒತ್ತಕ್ಷರಗಳು ಮೊದಲು ಕಲಸಿಹೋಗುತ್ತವೆ. ಫೋಟೊಶಾಪ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆಯ್ಕೆ ಮಾಡಿರದಿದ್ದರೆ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಅರ್ಧಾಕ್ಷರಗಳಾಗಿ ಒಡೆದು ಬರುವುದೂ ಉಂಟು. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯವನ್ನು ಪೋಸ್ಟ್‌ಗೆ ಅಂಟಿಸಿದರೆ ಅಕ್ಷರಗಳು ಕೆಡುತ್ತವೆ ಎಂಬ ಕಾರಣಕ್ಕೇ ಎಷ್ಟೋ ಕಚೇರಿಗಳು ಎಲ್ಲ ಪ್ರಕಟಣೆಯನ್ನೂ ಚಿತ್ರ ಮಾಡಿ ಹಾಕುತ್ತವೆ. ಚಿತ್ರದೊಳಗಿನ ಅಕ್ಷರವನ್ನು ದೃಷ್ಟಿಹೀನರ ಸ್ಕ್ರೀನ್ ರೀಡರ್ ಸರಿಯಾಗಿ ಓದಿ ಹೇಳದು, ಹುಡುಕಾಟದಲ್ಲೂ ಅದು ಸಿಗುವುದು ಕಷ್ಟ. ಯೂನಿಕೋಡ್‌ಗೆ ಪರಿವರ್ತಿಸಿ ಮುಖ್ಯ ವಿವರಗಳನ್ನು ಪೋಸ್ಟ್‌ನ ಪಠ್ಯದಲ್ಲೇ ಕೊಟ್ಟರೆ ಈ ದೋಷ ಅರ್ಧ ದಿನದಲ್ಲಿ ಸರಿಹೋಗುತ್ತದೆ. ಅದಕ್ಕೆ ಹೊಸ ಕಾರ್ಯತಂತ್ರ ಬೇಕಿಲ್ಲ.

ಯೂಟ್ಯೂಬ್ ವೀಡಿಯೊಗಳಿಗೆ, ಎಷ್ಟು ಜನ ಎಲ್ಲಿಯವರೆಗೆ ನೋಡಿದರು ಎಂದು ತೋರಿಸುವ ಆಡಿಯನ್ಸ್ ರಿಟೆನ್ಷನ್ ಗ್ರಾಫ್ ತೆರೆಯಿರಿ. ಮೊದಲ 30 ಸೆಕೆಂಡ್‌ನಲ್ಲೇ ಗೆರೆ ಧುಮುಕಿದ್ದರೆ ಅಲ್ಲಿ ಏನಿದೆ ನೋಡಿ, ಬಹುತೇಕ ಲೋಗೊ, ಪ್ರಾರ್ಥನೆ, ಸ್ವಾಗತ ಭಾಷಣ ಇರುತ್ತವೆ. ಸಭೆಗೆ ಸಲ್ಲುವ ಕ್ರಮ ವೀಡಿಯೊಗೆ ಸಲ್ಲದು. ಉಪನ್ಯಾಸದ ತಿರುಳಿನಿಂದಲೇ ವೀಡಿಯೊ ಶುರುವಾಗುವಂತೆ ಕತ್ತರಿಸಿದರೆ ಸಾಕಾದೀತು.

## ಹಂತ 7: ಕೇಳಿದವರಿಗೆ ಉತ್ತರ ಹೋಗಿದೆಯೇ?

ಮೆಸೆಂಜರ್, ಇನ್‌ಸ್ಟಾಗ್ರಾಂ, ವಾಟ್ಸಾಪ್‌ಗೆ ಬಂದ ಕೊನೆಯ 100 ಪ್ರಶ್ನೆಗಳನ್ನು ತೆಗೆಯಿರಿ. ಮೆಸೇಜ್ ರಿಕ್ವೆಸ್ಟ್ಸ್, ಸ್ಪ್ಯಾಮ್ ಎಂಬ ಪ್ರತ್ಯೇಕ ಪೆಟ್ಟಿಗೆಗಳನ್ನೂ ತೆರೆಯಲು ಮರೆಯಬೇಡಿ. ಅಪರಿಚಿತರು, ಅಂದರೆ ಹೊಸ ವಿದ್ಯಾರ್ಥಿಗಳೂ ಪೋಷಕರೂ, ಕಳಿಸಿದ್ದು ಬಹುಪಾಲು ಅಲ್ಲೇ ಕೂತಿರುತ್ತದೆ. ಪ್ರತಿಯೊಂದಕ್ಕೂ ಪ್ರಶ್ನೆ ಏನು, ಮೊದಲ ಉತ್ತರಕ್ಕೆ ಎಷ್ಟು ಗಂಟೆ ಹಿಡಿಯಿತು, ಉತ್ತರ ಉಪಯುಕ್ತವೇ ಎಂದು ಬರೆಯಿರಿ. "ಕಚೇರಿಗೆ ಸಂಪರ್ಕಿಸಿ" ಎಂಬುದನ್ನು ಉತ್ತರವೆಂದು ಎಣಿಸಬೇಡಿ.

ನಂತರ ಒಂದು ಪರೀಕ್ಷೆ. ಸಂಸ್ಥೆಗೆ ಗೊತ್ತಿಲ್ಲದ ನಂಬರ್‌ನಿಂದ ಸೋಮವಾರ ಬೆಳಿಗ್ಗೆ 11ಕ್ಕೆ ಒಂದು, ಭಾನುವಾರ ಸಂಜೆ 7ಕ್ಕೆ ಒಂದು ಪ್ರಶ್ನೆ ಕಳಿಸಿ. ಒಂದು ಕನ್ನಡದಲ್ಲಿ, ಒಂದು ಇಂಗ್ಲಿಷ್‌ನಲ್ಲಿರಲಿ. ಪೋಷಕರಿಗೆ ಬಿಡುವು ಸಿಗುವುದು ಭಾನುವಾರ ಸಂಜೆ, ಕಚೇರಿ ಮುಚ್ಚಿರುವುದೂ ಆಗಲೇ. ರೀಚ್ ಎಷ್ಟೇ ಹೆಚ್ಚಿಸಿದರೂ ಈ ಬಾಗಿಲು ಮುಚ್ಚಿದ್ದರೆ ಇನ್ನಷ್ಟು ಜನ ಬಂದು ಹಾಗೇ ಹಿಂದಿರುಗುತ್ತಾರೆ, ಅಷ್ಟೇ.

## ಹಂತ 8: ಫಲ ಎಲ್ಲಿ ಕಾಣುತ್ತದೆ?

ಪೋಸ್ಟ್‌ನಿಂದ ವೆಬ್‌ಸೈಟ್‌ಗೆ ಬಂದವರನ್ನು ಗೂಗಲ್ ಅನಲಿಟಿಕ್ಸ್ 4 ಗುರುತಿಸಬೇಕಾದರೆ ಲಿಂಕ್‌ಗಳಿಗೆ ಯುಟಿಎಂ ಗುರುತು (ಯಾವ ತಾಣದಿಂದ ಬಂದರು ಎಂದು ತಿಳಿಸಲು ಲಿಂಕ್‌ನ ಕೊನೆಗೆ ಸೇರಿಸುವ ಪದಗಳು) ಇರಬೇಕು. ಅದಿಲ್ಲದಿದ್ದರೆ ವಾಟ್ಸಾಪ್‌ನಿಂದ ಬಂದವರು "ಡೈರೆಕ್ಟ್" ಎಂಬ ಗುಂಪಿಗೆ ಸೇರಿಬಿಡುತ್ತಾರೆ, ವಾಟ್ಸಾಪ್‌ನಿಂದ ಏನೂ ಬರುತ್ತಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ದಾರಿಯಾಗುತ್ತದೆ. ಗೂಗಲ್ ಅನಲಿಟಿಕ್ಸ್‌ನ ಹಳೆಯ ಆವೃತ್ತಿ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ಎಣಿಕೆ ನಿಲ್ಲಿಸಿದೆ. ನಿಮ್ಮ ವೆಬ್‌ಸೈಟ್‌ನಲ್ಲಿ ಇನ್ನೂ ಅದೇ ಕೋಡ್ ಇದ್ದರೆ ಅಂದಿನಿಂದ ಏನೂ ದಾಖಲಾಗಿಲ್ಲ.

ಆನ್‌ಲೈನ್ ಅಳತೆಗಿಂತ ಅಡ್ಮಿಷನ್ ಅರ್ಜಿಯಲ್ಲಿನ ಒಂದು ಸಾಲನ್ನು ನಾವು ಹೆಚ್ಚು ನಂಬುತ್ತೇವೆ: "ನಮ್ಮ ಬಗ್ಗೆ ಮೊದಲು ತಿಳಿದದ್ದು ಹೇಗೆ?" ಅಣ್ಣ ಅಕ್ಕ ಓದಿದ್ದರು, ಶಿಕ್ಷಕರು ಹೇಳಿದರು, ಯೂಟ್ಯೂಬ್, ವಾಟ್ಸಾಪ್, ಬ್ಯಾನರ್ ಎಂದು ಆಯ್ಕೆ ಕೊಟ್ಟು, ವಿಚಾರಣೆಯ ರಿಜಿಸ್ಟರ್‌ನಲ್ಲೂ ಕೇಳಿ ಬರೆಯಿರಿ.

ನಿಮ್ಮಂಥ ಮೂರ್ನಾಲ್ಕು ಸಂಸ್ಥೆಗಳನ್ನೂ ಒಂದು ಮಧ್ಯಾಹ್ನ ನೋಡಿ. ಅವರು ಈಗ ಓಡಿಸುತ್ತಿರುವ ಜಾಹೀರಾತುಗಳು ಮೆಟಾ ಆ್ಯಡ್ ಲೈಬ್ರರಿಯಲ್ಲಿ ಯಾರಿಗಾದರೂ ಕಾಣುತ್ತವೆ. ಅವರ ಒಳ ಅಂಕಿಗಳು ನಿಮಗೆ ಕಾಣುವುದಿಲ್ಲವಾದ್ದರಿಂದ ಅವರನ್ನು ನೋಡಿ ನಕಲು ಮಾಡುವ ತೀರ್ಮಾನ ಬೇಡ.

## ಹಂತ 9: ಹಕ್ಕು ಮತ್ತು ಒಪ್ಪಿಗೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ದತ್ತಾಂಶ ಬಳಸಲು ಪೋಷಕರ ಒಪ್ಪಿಗೆ ಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚಿತವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಪಿಯು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈ ವಯಸ್ಸಿನವರು. ಫೋಟೊದ ಜೊತೆ ಹೆಸರು, ನೋಂದಣಿ ಸಂಖ್ಯೆ, ಅಂಕಪಟ್ಟಿ ಹಾಕಿದ ಪೋಸ್ಟ್‌ಗಳನ್ನು ಪಟ್ಟಿ ಮಾಡಿ. ನೋಂದಣಿ ಸಂಖ್ಯೆ ಕಾಣುವವನ್ನು ಕೂಡಲೇ ತೆಗೆಯಿರಿ.

ವಾರ್ಷಿಕೋತ್ಸವದ ನೃತ್ಯಕ್ಕೆ ಬಳಸಿದ ಸಿನಿಮಾ ಹಾಡಿಗೆ ಯೂಟ್ಯೂಬ್‌ನಲ್ಲಿ ಕಂಟೆಂಟ್ ಐಡಿ ಕ್ಲೇಮ್ (ಹಾಡಿನ ಹಕ್ಕುದಾರರ ಪರವಾಗಿ ತಾನಾಗಿ ಬರುವ ಹಕ್ಕುಸ್ವಾಮ್ಯದ ನೋಟಿಸ್) ಬಂದಿದೆಯೇ ನೋಡಿ. ಇನ್‌ಸ್ಟಾಗ್ರಾಂ ಬಿಸಿನೆಸ್ ಖಾತೆಗಳಿಗೆ ಜನಪ್ರಿಯ ಹಾಡುಗಳ ಬಳಕೆ ಸೀಮಿತ. ದನಿಯೇ ನಿಂತುಹೋದ ಹಳೆಯ ರೀಲ್ಸ್ ಕಂಡರೆ ಬಹುಶಃ ಕಾರಣ ಇದೇ.

## ಹಂತ 10: ಕಂಡದ್ದರಿಂದ ತೀರ್ಮಾನಕ್ಕೆ

ವರದಿ ನಾಲ್ಕು ಪುಟ ಮೀರಬಾರದು. ಪ್ರತಿ ಅಂಶಕ್ಕೂ ಏನು ಕಂಡಿತು, ಪುರಾವೆ ಏನು, ಕಾರಣ ಏನಿರಬಹುದು, ಯಾರು ಯಾವ ದಿನಾಂಕದೊಳಗೆ ಏನು ಮಾಡಬೇಕು ಎಂದು ಬರೆಯಿರಿ. ಕಾರಣ ಖಚಿತವಿಲ್ಲದಿದ್ದರೆ "ಊಹೆ" ಎಂದೇ ಬರೆಯಬೇಕು.

ಬಳಿಕ ಎಲ್ಲವನ್ನೂ ನಾಲ್ಕು ಪಟ್ಟಿಗೆ ಹಂಚಿ. ಕೂಡಲೇ ಸರಿಪಡಿಸಬೇಕಾದ್ದರಲ್ಲಿ ಪ್ರವೇಶಾಧಿಕಾರ, ತಪ್ಪು ನಂಬರ್, ಉತ್ತರಿಸದ ಇನ್‌ಬಾಕ್ಸ್ ಬರುತ್ತವೆ. ನಿಲ್ಲಿಸಬೇಕಾದ್ದರಲ್ಲಿ ಓದುಗರಿಲ್ಲದ ಖಾತೆಗಳು, ಫಲ ಕೊಡದ ಶ್ರಮ ಬರುತ್ತವೆ. ಮುಂದುವರಿಸಬೇಕಾದ್ದು ಮೂರನೆಯದು, ಪರೀಕ್ಷಿಸಿ ನೋಡಬೇಕಾದ್ದು ನಾಲ್ಕನೆಯದು. ಮುಚ್ಚುವ ಖಾತೆಯನ್ನು ಅಳಿಸಬೇಡಿ. ಹೆಸರು ಖಾಲಿಯಾದರೆ ಬೇರೆಯವರು ಹಿಡಿಯಬಹುದು. ಅಧಿಕೃತ ಖಾತೆಯ ವಿಳಾಸವನ್ನು ಮೇಲ್ಗಡೆ ಪಿನ್ ಮಾಡಿ ಹಾಗೆಯೇ ಬಿಡಿ.

ಮೊದಲ ಪಟ್ಟಿಯನ್ನು ಪೂರ್ತಿ ಮುಗಿಸಿ, ಆರು ವಾರ ಕಾದು, ಅದೇ ಶೀಟ್‌ನಲ್ಲಿ ಅದೇ ಅಂಕಿಗಳನ್ನು ಮತ್ತೆ ತುಂಬಿ. ಕಾರ್ಯತಂತ್ರ ಬದಲಿಸಬೇಕೇ ಎಂಬ ಪ್ರಶ್ನೆಯನ್ನು ಆಡಳಿತ ಮಂಡಳಿಯ ಮುಂದೆ ಇಡಬೇಕಾದ್ದು ಆಗ. ದುರಸ್ತಿಯಿಂದಲೇ ವಿಚಾರಣೆಗಳು ಏರಿದ್ದರೆ ಬದಲಾವಣೆಯ ಖರ್ಚು ಉಳಿಯಿತು. ಏರದಿದ್ದರೆ ನಾಲ್ಕನೆಯ ಪಟ್ಟಿಯಿಂದ ಒಂದೇ ಒಂದು ಬದಲಾವಣೆ ಆಯ್ದು ಎಂಟು ವಾರ ನಡೆಸಿ. ಭಾಷೆ, ರೂಪ, ಸಮಯ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲಿಸಿತು ಎಂದು ತಿಳಿಯುವುದಿಲ್ಲ. ದಸರಾ ರಜೆ, ಪರೀಕ್ಷೆ, ಫಲಿತಾಂಶದ ವಾರಗಳು ಈ ಅವಧಿಯ ನಡುವೆ ಬಾರದಂತೆ ನೋಡಿಕೊಳ್ಳಿ. ಎಷ್ಟು ಏರಿದರೆ ಗೆಲುವು, ಎಷ್ಟಕ್ಕಿಂತ ಇಳಿದರೆ ನಿಲ್ಲಿಸುವುದು ಎಂಬುದನ್ನು ಶುರು ಮಾಡುವ ಮೊದಲೇ ಬರೆದು ಸಭೆಯ ನಡಾವಳಿಯಲ್ಲಿ ಸೇರಿಸಿ. ಏಜೆನ್ಸಿಗೆ ಗುತ್ತಿಗೆ ಕೊಡುವುದಾದರೆ ಆಡಿಟ್‌ನ ಶೀಟ್‌ನ್ನೂ, ಖಾತೆಗಳೂ ದತ್ತಾಂಶವೂ ಸಂಸ್ಥೆಯದೇ ಎಂಬ ಷರತ್ತನ್ನೂ ಒಪ್ಪಂದಕ್ಕೆ ಲಗತ್ತಿಸಿ.